ಬೈಗುಳವನ್ನು ಗೋಡೆಗೆ ಹಾಕಿದರೆ ಅದು ಕಲೆಯೇ? ಎರ್ನಾಕುಳಂ ಗಲಾಟೆ ಮತ್ತು ಕಾಸರಗೋಡಿನ ಪ್ರಶ್ನೆಗಳು

2025ರ ಅಕ್ಟೋಬರ್‌ನಲ್ಲಿ ಎರ್ನಾಕುಳಂನಿಂದ ಬಂದ ಒಂದು ಸುದ್ದಿ ಅನೇಕರನ್ನು ಗೊಂದಲಕ್ಕೆ ಕೆಡವಿತು. ಅಲ್ಲಿನ ದರ್ಬಾರ್ ಹಾಲ್ ಕೇರಳ ಲಲಿತಕಲಾ ಅಕಾಡೆಮಿಯ ಗ್ಯಾಲರಿ. ನಾರ್ವೆಯಲ್ಲಿ ನೆಲೆಸಿರುವ ಹನಾನ್ ಬೆನಮ್ಮಾರ್ ಎಂಬ ಕಲಾವಿದೆಯ ಲಿನೋಕಟ್ ಮುದ್ರಣಗಳು ಅಲ್ಲಿ ಪ್ರದರ್ಶನಕ್ಕಿದ್ದವು. ಅವುಗಳ ತುಂಬ ಮಲಯಾಳದ ಕೊಳಕು ಬೈಗುಳ. ಅದನ್ನು ಅಶ್ಲೀಲ ಎಂದು ಒಬ್ಬರು ಗೋಡೆಯಿಂದ ಕಿತ್ತು ಹರಿದು ಹಾಕಿದರು. ಹರಿದವರೂ ಕಲಾವಿದರೇ!

ಕಾಸರಗೋಡಿನಲ್ಲಿ ಕೂತು ಈ ಸುದ್ದಿ ಓದಿದರೆ ಸಾಲು ಸಾಲು ಪ್ರಶ್ನೆ ಏಳುತ್ತವೆ. ಬೈಗುಳ ಕಲೆ ಹೇಗಾಗುತ್ತದೆ? ಹೆಣ್ಣೊಬ್ಬಳು ಅಂಥ ಮಾತನ್ನು ಗೋಡೆಗೆ ಹಾಕಿದ್ದು ಯಾಕೆ? ಇದನ್ನೇ ಸ್ತ್ರೀವಾದಿ ಕಲೆ ಅನ್ನುವುದಾದರೆ, ಒಳ್ಳೆಯ ಚಿತ್ರ ಬರೆಯುವ ಹೆಂಗಸರು ಯಾರೂ ಇಲ್ವಾ? ಪ್ರಶ್ನೆಗಳು ನ್ಯಾಯವಾಗಿಯೇ ಇವೆ. ಆದರೆ ಒಂದೊಂದಕ್ಕೂ ಹಿಂದೆ ಒಂದು ಕಥೆಯಿದೆ. ಅದು ಗೊತ್ತಿಲ್ಲದೆ ಉತ್ತರ ಸಿಗುವುದಿಲ್ಲ.

ಆ ಮಾತುಗಳು ಯಾರವು?

ಮೊದಲು ತಿಳಿಯಬೇಕಾದ್ದು ಇಷ್ಟು. ಆ ಬೈಗುಳಗಳನ್ನು ಕಲಾವಿದೆ ಸೃಷ್ಟಿಸಿದ್ದಲ್ಲ. ಅವು ಆಕೆಯ ಮೇಲೆ ಬೇರೆಯವರು ಎಸೆದ ಮಾತುಗಳು.

2018ರಲ್ಲಿ ಓಸ್ಲೋದಲ್ಲಿ ಆಡಿದ ಒಂದು ನಾಟಕ ಅಲ್ಲಿನ ರಾಜಕೀಯದಲ್ಲಿ ದೊಡ್ಡ ಕೋಲಾಹಲ ಎಬ್ಬಿಸಿತ್ತು. ಅದನ್ನು ಕಟ್ಟಿದವರಲ್ಲಿ ಬೆನಮ್ಮಾರ್ ಕೂಡ ಒಬ್ಬರು. ಆಗ ಕಾನೂನು ಸಚಿವರ ಮನೆಯ ಮೇಲೆ, ಕಾರಿನ ಮೇಲೆ ದಾಳಿಗಳಾದವು. ಸಂಶಯವೆಲ್ಲ ನಾಟಕದವರ ಕಡೆಗೆ ತಿರುಗಿತು, ಬೈಗುಳವೂ ಅತ್ತಲೇ ಹರಿಯಿತು. ಕೊನೆಗೆ ಆ ಕೃತ್ಯಗಳನ್ನು ನಡೆಸಿದ್ದು ಸಚಿವರ ಸಂಗಾತಿಯೇ ಎಂದು ನ್ಯಾಯಾಲಯ 2021ರಲ್ಲಿ ತೀರ್ಪು ಕೊಟ್ಟು ಶಿಕ್ಷೆ ವಿಧಿಸಿತು. ವಲಸೆ ಹಿನ್ನೆಲೆಯ ಹೆಣ್ಣು, ಅದರಲ್ಲೂ ಬಾಯಿಬಿಟ್ಟು ಮಾತಾಡುವವಳು, ಅಂಥ ದೇಶದಲ್ಲೂ ಎಂಥ ಬೈಗುಳ ಕೇಳಬೇಕಾಗುತ್ತದೆ ಎಂಬುದಕ್ಕೆ ಆಕೆಯ ಮುದ್ರಣಗಳೇ ಸಾಕ್ಷಿ. ಆ ಮಾತುಗಳನ್ನು ಮಲಯಾಳಕ್ಕೆ ತಂದು ಲಿನೋಕಟ್‌ನಲ್ಲಿ ಮುದ್ರಿಸಿ ಗ್ಯಾಲರಿಯಲ್ಲಿ ತೂಗುಹಾಕಲಾಗಿತ್ತು.

ಲಿನೋಕಟ್ ಹೇಗೆ ಮಾಡುತ್ತಾರೆ ಗೊತ್ತಾದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಮೆತ್ತನೆಯ ಲಿನೋಲಿಯಂ ಹಾಳೆಯನ್ನು ಸಣ್ಣ ಉಳಿಯಿಂದ ಕೆತ್ತಬೇಕು. ಬೇಡದ ಭಾಗವನ್ನು ತೆಗೆದು, ಉಳಿದ ಭಾಗಕ್ಕೆ ಶಾಯಿ ಹಚ್ಚಿ, ಕಾಗದ ಒತ್ತಿ ಅಚ್ಚು ತೆಗೆಯಬೇಕು. ಅಚ್ಚಿನಲ್ಲಿ ಎಲ್ಲವೂ ತಿರುವುಮುರುವು ಬೀಳುವುದರಿಂದ ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವ ಹಾಗೆ ಉಲ್ಟಾ ಕೆತ್ತಬೇಕು. ಫೋನಿನಲ್ಲಿ ಬೈಗುಳ ಟೈಪ್ ಮಾಡಲು ಎರಡು ಸೆಕೆಂಡು ಸಾಕು. ಕೆತ್ತುವ ಕೈ ಮಾತ್ರ ಒಂದೊಂದು ಅಕ್ಷರದ ಹತ್ತಿರವೂ ನಿಲ್ಲಬೇಕು. ಬೈದವನು ಮರೆತುಬಿಟ್ಟ ಮಾತಿಗೆ ಇಲ್ಲಿ ತೂಕ ಬರುತ್ತದೆ, ಎಲ್ಲರೆದುರು ನಿಲ್ಲುತ್ತದೆ. ನಾಚಿಕೆ ಯಾರಿಗಾಗಬೇಕು, ಬೈದವರಿಗಾ ಬೈಸಿಕೊಂಡವರಿಗಾ? ಕೃತಿ ಕೇಳುವುದು ಇದನ್ನೇ.

ಪರ, ವಿರೋಧ, ನಡುವೆ

ಹರಿದವರ ಕಡೆಯ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಅಕಾಡೆಮಿ ನಡೆಯುವುದು ಜನರ ತೆರಿಗೆ ದುಡ್ಡಿನಲ್ಲಿ. ಅಲ್ಲಿಗೆ ಮಕ್ಕಳೂ ಬರುತ್ತಾರೆ. ಹಿನ್ನೆಲೆ ಗೊತ್ತಿಲ್ಲದೆ ಒಳಗೆ ಕಾಲಿಟ್ಟವರಿಗೆ ಕಾಣುವುದು ಬರೀ ಹೊಲಸು ಮಾತು. ಕಲಾವಿದೆ ವಿದೇಶದವಳು, ಮಾತು ಮಲಯಾಳದ್ದು ಎಂಬುದೂ ಸಿಟ್ಟಿಗೆ ಇನ್ನೊಂದು ಕಾರಣ. ನಮ್ಮ ಭಾಷೆಯನ್ನು ಕೊಳಕು ಮಾಡಲು ಇವಳ್ಯಾರು ಅಂತ.

ಇನ್ನೊಂದು ಕಡೆಯವರು ಹೇಳುವುದು ಬೇರೆ. ಬೈಗುಳದ ಮುಖ್ಯ ಬಲವೇ ಅದು ಖಾಸಗಿಯಾಗಿ ಇರುವುದು. ಬೈಸಿಕೊಂಡವಳು ಹೇಳಿಕೊಳ್ಳಲು ನಾಚುತ್ತಾಳೆ, ಬೈದವನು ಬಚಾವಾಗುತ್ತಾನೆ. ಅದನ್ನು ಹೊರಗೆ ತಂದು ತೋರಿಸುವುದು ಸ್ತ್ರೀವಾದಿ ಕಲೆಯ ಹಳೆಯ ದಾರಿ. ಮಾತನ್ನು ಮೆತ್ತಗೆ ಮಾಡಿ ತೋರಿಸಿದರೆ ಪುರಾವೆಯೇ ಸುಳ್ಳಾಗುತ್ತದೆ ಎಂಬುದು ಇವರ ವಾದ.

ನಡುವೆ ನಿಂತವರೂ ಇದ್ದಾರೆ. ಕೃತಿ ಇರಲಿ, ಆದರೆ ಬಾಗಿಲಲ್ಲೇ ಎಚ್ಚರಿಕೆಯ ಫಲಕ ಇರಲಿ, ಹಿನ್ನೆಲೆ ಹೇಳುವ ನಾಲ್ಕು ಸಾಲು ಇರಲಿ ಎನ್ನುವವರು. ನನಗೆ ಸರಿ ಕಾಣುವುದು ಇದೇ. ಎಚ್ಚರಿಕೆ ಕೊಟ್ಟರೆ ನೋಡಬೇಕೋ ಬೇಡವೋ ಎಂಬ ಆಯ್ಕೆ ನೋಡುಗನ ಕೈಗೆ ಬರುತ್ತದೆ. ಹರಿದುಹಾಕಿದರೆ ಆ ಆಯ್ಕೆಯನ್ನು ಒಬ್ಬನೇ ಎಲ್ಲರ ಪರವಾಗಿ ಮಾಡಿಬಿಟ್ಟ ಹಾಗೆ. ಹರಿಯುವುದು ವಿಮರ್ಶೆ ಅಲ್ಲ, ಅದನ್ನು ಕಲಾವಿದರೇ ಮಾಡಿದರೂ ಅಲ್ಲ.

ಅಶ್ಲೀಲ ಯಾವುದು? ತೆಯ್ಯಂ ನೆನಪಿಸಿದ ತೀರ್ಪು

ಕಾನೂನಿನಲ್ಲಿ ಇದಕ್ಕೆ ಉತ್ತರ ಇದೆ, ಆದರೆ ಒಂದೇ ಸಾಲಿನದ್ದಲ್ಲ. ಮೊದಲು ಭಾರತೀಯ ದಂಡ ಸಂಹಿತೆಯ 292ನೇ ಸೆಕ್ಷನ್ ಅಶ್ಲೀಲತೆಯ ಬಗ್ಗೆ ಇತ್ತು. ಈಗ ಭಾರತೀಯ ನ್ಯಾಯ ಸಂಹಿತೆಯ 294ನೇ ಸೆಕ್ಷನ್ ಆ ಜಾಗದಲ್ಲಿದೆ. ಎರಡರಲ್ಲೂ ಸಾಹಿತ್ಯ, ಕಲೆ, ವಿಜ್ಞಾನದ ಹಿತಕ್ಕಾಗಿ ಇರುವುದಕ್ಕೆ ವಿನಾಯಿತಿ ಇದೆ. 2014ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒಂದು ತುಣುಕನ್ನು ಕಿತ್ತು ನೋಡಬಾರದು, ಇಡೀ ಕೃತಿಯನ್ನು ಇಂದಿನ ಸಮಾಜದ ಕಣ್ಣಿನಿಂದ ನೋಡಬೇಕು ಎಂದಿತು.

ಕಾಸರಗೋಡಿನವರಿಗೆ ಹೆಚ್ಚು ಹತ್ತಿರವಾದದ್ದು 2023ರ ಜೂನ್‌ನ ಕೇರಳ ಹೈಕೋರ್ಟ್ ತೀರ್ಪು. ತಾಯಿಯೊಬ್ಬಳು ತನ್ನ ಅರೆಬೆತ್ತಲೆ ಮೈಮೇಲೆ ತನ್ನ ಮಕ್ಕಳಿಂದಲೇ ಚಿತ್ರ ಬರೆಸಿ, ಅದರ ವಿಡಿಯೋ ಹಾಕಿದ್ದಳು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆಯ ಅಡಿಯಲ್ಲಿ ಕೇಸಾಯಿತು. ಹೈಕೋರ್ಟ್ ಆಕೆಯನ್ನು ಕೇಸಿನಿಂದ ಬಿಡುಗಡೆ ಮಾಡಿತು. ಬೆತ್ತಲೆ ಎಂದ ಮಾತ್ರಕ್ಕೆ ಅಶ್ಲೀಲ ಆಗಬೇಕಿಲ್ಲ ಎಂದಿತು. ತೃಶ್ಶೂರಿನ ಹುಲಿವೇಷದಲ್ಲಿ, ದೇವರ ವೇಷ ಕಟ್ಟಿ ಕುಣಿಯುವ ದೇವಸ್ಥಾನದ ತೆಯ್ಯಂನಲ್ಲಿ ಗಂಡಸರ ಮೈಮೇಲೆ ಬಣ್ಣ ಬರೆಯುವುದನ್ನು ನಾವು ಸಹಜವಾಗಿ ಒಪ್ಪುತ್ತೇವಲ್ಲ ಎಂದೂ ನೆನಪಿಸಿತು.

ಈ ಮಾತಿನ ಬಿಸಿ ತೆಯ್ಯಂ ನಾಡಿನಲ್ಲಿ ಇರುವವರಿಗೆ ಬೇಗ ತಟ್ಟುತ್ತದೆ. ಇಲ್ಲಿ ಭಗವತಿಯ ಕೋಲ ಕಟ್ಟುವವರೂ ಗಂಡಸರೇ. ಹೆಣ್ಣು ಕಟ್ಟುವ ತೆಯ್ಯಂ ಎಂದರೆ ಕಣ್ಣೂರು ಜಿಲ್ಲೆಯ ತೆಕ್ಕುಂಬಾಡಿನ ದೇವಕೂತ್ತು ಒಂದೇ, ಅದೂ ಎರಡು ವರ್ಷಕ್ಕೊಮ್ಮೆ. ಹೆಣ್ಣು ದೇವತೆಯ ಮೈಗೆ ನಮ್ಮಲ್ಲಿ ಪೂಜೆ ಇದೆ. ಹೆಣ್ಣು ತನ್ನದೇ ಮೈಯನ್ನು ಕಲೆ ಮಾಡಿಕೊಂಡರೆ ಕೇಸು ಬೀಳುತ್ತದೆ.

1969: ಒಂದು ಶಿಲ್ಪ, ಒಂದು ಸಾವು

ಕೇರಳದ ಕಲೆಯಲ್ಲಿ ಈ ವ್ಯತ್ಯಾಸ ಎಷ್ಟು ಹಳೆಯದು ಎಂದು ನೋಡಲು 1969 ಒಳ್ಳೆಯ ವರ್ಷ.

ಆ ವರ್ಷ ಪಾಲಕ್ಕಾಡಿನ ಮಲಂಪುಳ ಅಣೆಕಟ್ಟಿನ ಉದ್ಯಾನದಲ್ಲಿ 'ಯಕ್ಷಿ' ಎದ್ದು ನಿಂತಳು. ಕಾಲು ಚಾಚಿ ಕೂತ ಭಾರೀ ಬೆತ್ತಲೆ ಹೆಣ್ಣಿನ ಶಿಲ್ಪ. ಮಾಡಿದವರು ಕಾನಾಯಿ ಕುಞಿರಾಮನ್, ನಮ್ಮ ಕಾಸರಗೋಡು ಜಿಲ್ಲೆಯ ಚೆರುವತ್ತೂರು ಸಮೀಪದ ಕುಟ್ಟಮತ್ತಿನವರು. ಆಗ ಆಕ್ಷೇಪ ಬಂದದ್ದು ನಿಜ. ಆದರೆ ಶಿಲ್ಪ ಉಳಿಯಿತು. ಈಗ ಕುಟುಂಬ ಸಮೇತ ಹೋಗಿ ಅದರೆದುರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಅದೇ 1969ರ ಮೇ ತಿಂಗಳಲ್ಲಿ ಚಿತ್ರಕಲಾವಿದೆ ಟಿ.ಕೆ. ಪದ್ಮಿನಿ ಹೆರಿಗೆಯಲ್ಲಿ ತೀರಿಕೊಂಡರು. ವಯಸ್ಸು ಇನ್ನೂ ಮೂವತ್ತೂ ತುಂಬಿರಲಿಲ್ಲ. ಪೊನ್ನಾನಿ ಕಡೆಯ ಹಳ್ಳಿಯಿಂದ ಬಂದು, ಕಾನಾಯಿಯವರೂ ಕಲಿತ ಮದ್ರಾಸಿನ ಕಲಾಶಾಲೆಯಲ್ಲೇ ಕೆ.ಸಿ.ಎಸ್. ಪಣಿಕ್ಕರ್ ಪ್ರಾಂಶುಪಾಲರಾಗಿದ್ದ ಕಾಲದಲ್ಲಿ ಕಲಿತವರು. ಅವರೂ ಹೆಣ್ಣಿನ ನಗ್ನ ದೇಹವನ್ನು ಬರೆದರು, ಆದರೆ ಯಾರನ್ನೋ ಮರುಳು ಮಾಡುವ ಯಕ್ಷಿಯಾಗಿ ಅಲ್ಲ. ಕಪ್ಪು ಮೈಯ, ಹಳ್ಳಿಯ, ತನ್ನಷ್ಟಕ್ಕೆ ತಾನಿರುವ ಹೆಂಗಸರು ಅವರ ಚಿತ್ರದಲ್ಲಿದ್ದಾರೆ. ಪದ್ಮಿನಿಯ ಹೆಸರು ಮತ್ತೆ ಜನರ ಬಾಯಿಗೆ ಬರಲು ದಶಕಗಳೇ ಹಿಡಿದವು. ಕೊನೆಗೆ 2018ರಲ್ಲಿ ಅವರ ಬದುಕಿನ ಮೇಲೆ ಒಂದು ಮಲಯಾಳ ಸಿನಿಮಾ ಬಂತು.

ಇದರಿಂದ ಕಾನಾಯಿಯವರ ಶಿಲ್ಪ ಸಣ್ಣದಾಗುವುದಿಲ್ಲ. ಇಬ್ಬರೂ ಬರೆದದ್ದು ಹೆಣ್ಣಿನ ದೇಹವನ್ನೇ. ಒಬ್ಬರ ಕೃತಿಗೆ ಸರ್ಕಾರದ ಉದ್ಯಾನ ಸಿಕ್ಕಿತು. ಇನ್ನೊಬ್ಬರಿಗೆ ಹೆರಿಗೆಯ ಆಚೆ ಬದುಕೇ ಸಿಗಲಿಲ್ಲ.

'ದೊಡ್ಡ ಕಲಾವಿದೆಯರು ಯಾಕೆ ಇರಲಿಲ್ಲ?'

1971ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ್ತಿ ಲಿಂಡಾ ನೋಕ್ಲಿನ್ ಇದೇ ಪ್ರಶ್ನೆಯನ್ನು ಶೀರ್ಷಿಕೆಯಾಗಿಟ್ಟು ಒಂದು ಪ್ರಬಂಧ ಬರೆದರು. ಮರೆತುಹೋದ ನಾಲ್ಕು ಹೆಸರು ಹುಡುಕಿ ತಂದು, 'ನೋಡಿ, ಇವರಿದ್ದರು' ಎನ್ನುವುದು ಸುಲಭದ ಉತ್ತರವಾಗುತ್ತಿತ್ತು. ನೋಕ್ಲಿನ್ ಹಾಗೆ ಮಾಡಲಿಲ್ಲ. ಕಲಾವಿದ ತಯಾರಾಗುವುದು ಶಾಲೆ, ಗುರು, ದುಡ್ಡು, ಸಮಯ, ಪ್ರದರ್ಶನ ಇವೆಲ್ಲ ಸೇರಿದಾಗ. ಇವುಗಳ ಬಾಗಿಲು ಹೆಣ್ಣಿಗೆ ಮುಚ್ಚಿತ್ತು ಎಂದರು.

ಒಂದು ಬಾಗಿಲು ಹೇಗೆ ಮುಚ್ಚಿತ್ತು ನೋಡಿ. ಯುರೋಪಿನಲ್ಲಿ ದೊಡ್ಡ ಚಿತ್ರಕಾರ ಅನಿಸಿಕೊಳ್ಳಲು ಪುರಾಣ, ಇತಿಹಾಸದ ಚಿತ್ರ ಬರೆಯಬೇಕಿತ್ತು. ಅದಕ್ಕೆ ಮನುಷ್ಯ ದೇಹದ ಅಭ್ಯಾಸ ಬೇಕು. ಅದಕ್ಕೆ ಬೆತ್ತಲೆ ಮಾದರಿಯ ಎದುರು ಕೂತು ಬರೆಯಬೇಕು. ಆ ಕೋಣೆಗೆ ಹೆಂಗಸರಿಗೆ ಪ್ರವೇಶ ಇಲ್ಲ. ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಶುರುವಾದಾಗ ಸ್ಥಾಪಕ ಸದಸ್ಯರಲ್ಲಿ ಇಬ್ಬರು ಹೆಂಗಸರಿದ್ದರು, ಆಂಜೆಲಿಕಾ ಕಾಫ್‌ಮನ್ ಮತ್ತು ಮೇರಿ ಮೋಸರ್. ಯೋಹಾನ್ ಜೋಫನಿ ಎಂಬ ಚಿತ್ರಕಾರ ಸದಸ್ಯರು ಸೇರಿದ ಚಿತ್ರ ಬರೆದ. ಗಂಡಸರೆಲ್ಲ ಬೆತ್ತಲೆ ಮಾದರಿಗಳ ಸುತ್ತ ನಿಂತಿದ್ದಾರೆ. ಈ ಇಬ್ಬರು? ಗೋಡೆಗೆ ತೂಗುಹಾಕಿದ ಎರಡು ಭಾವಚಿತ್ರಗಳಾಗಿ ಇದ್ದಾರೆ! ಸದಸ್ಯರು ಹೌದು, ಕೋಣೆಯೊಳಗೆ ನಿಲ್ಲುವಂತಿಲ್ಲ. ಅವರ ನಂತರ ಪೂರ್ಣ ಸದಸ್ಯೆಯಾಗಿ ಮತ್ತೊಬ್ಬ ಹೆಣ್ಣು ಆಯ್ಕೆಯಾದದ್ದು 1936ರಲ್ಲಿ.

ನಮ್ಮ ಕಡೆಯ ಉದಾಹರಣೆ ಬೇಕಾ? ರಾಜಾ ರವಿವರ್ಮರ ತಂಗಿ ಮಂಗಳಾಬಾಯಿಯೂ ಚಿತ್ರ ಬರೆಯುತ್ತಿದ್ದರು. ಅಣ್ಣನದೇ ಭಾವಚಿತ್ರ ಬರೆದಿದ್ದಾರೆ. ಅಣ್ಣನ ಲಕ್ಷ್ಮಿ, ಸರಸ್ವತಿಯರು ಅಚ್ಚಾಗಿ ಕಾಸರಗೋಡಿನ ದೇವರಕೋಣೆಗಳಿಗೂ ಬಂದರು. ತಂಗಿಯ ಹೆಸರು ಎಷ್ಟು ಜನರಿಗೆ ಗೊತ್ತು?

1989ರಲ್ಲಿ ಗೊರಿಲ್ಲಾ ಗರ್ಲ್ಸ್ ಎಂಬ ಕಲಾವಿದೆಯರ ಗುಂಪು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಒಳಗೆ ಹೋಗಿ ಲೆಕ್ಕ ಮಾಡಿತು. ಆಧುನಿಕ ಕಲೆಯ ವಿಭಾಗದಲ್ಲಿ ಕಲಾವಿದೆಯರು ನೂರಕ್ಕೆ 5ಕ್ಕಿಂತ ಕಡಿಮೆ. ನಗ್ನಚಿತ್ರಗಳಲ್ಲಿ ನೂರಕ್ಕೆ 85 ಹೆಣ್ಣಿನವು. ಗೊರಿಲ್ಲಾ ಮುಖವಾಡ ಹಾಕಿಕೊಂಡು, ಹೆಸರು ಹೇಳದೆ, ಅದನ್ನು ಪೋಸ್ಟರ್ ಮಾಡಿದರು. ಇದೇ ಗುಂಪು 2018ರಲ್ಲಿ ಕೊಚ್ಚಿ ಬಿನಾಲೆ ಎಂಬ ದೊಡ್ಡ ಕಲಾಪ್ರದರ್ಶನಕ್ಕೂ ಬಂದಿತ್ತು. ಆ ವರ್ಷ ಬಿನಾಲೆಯ ಕ್ಯುರೇಟರ್, ಅಂದರೆ ಕಲಾವಿದರನ್ನು ಆರಿಸುವವರು, ಅನಿತಾ ದುಬೆ, ಆ ಸ್ಥಾನಕ್ಕೆ ಬಂದ ಮೊದಲ ಹೆಣ್ಣು. ಭಾಗವಹಿಸಿದ ಕಲಾವಿದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಆರಿಸುವ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂಬುದರ ಮೇಲೆ ಪಟ್ಟಿ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ.

ಸೆಗಣಿ, ಕುಂಕುಮ, ಸೂಜಿ

ಸ್ತ್ರೀವಾದಿ ಕಲೆ ಎಂದರೆ ಬೈಗುಳ, ಬೆತ್ತಲೆ ಮಾತ್ರ ಎಂದುಕೊಂಡವರು ಶೀಲಾ ಗೌಡರ ಕೆಲಸ ನೋಡಬೇಕು. ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡಾ, ಶಾಂತಿನಿಕೇತನ, ಲಂಡನ್ ಇಲ್ಲೆಲ್ಲ ಕಲಿತವರು. ತೊಂಬತ್ತರ ದಶಕದ ಶುರುವಿನಲ್ಲಿ ಎಣ್ಣೆಬಣ್ಣ ಬಿಟ್ಟು ಸೆಗಣಿ ಹಿಡಿದರು.

ಅವರ ಪ್ರಸಿದ್ಧ ಕೃತಿಯೊಂದು ಬರೀ ಹಗ್ಗ. ದಾರವನ್ನು ಒಂದೊಂದಾಗಿ ಸೂಜಿಯ ಕಣ್ಣಿನೊಳಗೆ ದಾಟಿಸಿ, ಅಷ್ಟೂ ಎಳೆಗಳನ್ನು ಒಟ್ಟು ಸೇರಿಸಿ, ಅಂಟು ಮತ್ತು ಕುಂಕುಮ ಸವರಿ ಕಟ್ಟಿದ ಉದ್ದನೆಯ ಕೆಂಪು ಹಗ್ಗ. ಅದು ಗ್ಯಾಲರಿಯ ಗೋಡೆ, ನೆಲದ ಮೇಲೆಲ್ಲ ಸುತ್ತಿ ಹೊರಳುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ದೂರದಿಂದ ನೋಡಿದರೆ ಕರುಳಿನ ಹಾಗೆ, ಹತ್ತಿರ ಹೋದರೆ ಚುಚ್ಚುವ ಹಾಗೆ. ಒಂದು ಬೈಗುಳ ಇಲ್ಲ, ಒಂದು ದೇಹ ಇಲ್ಲ. ಸೆಗಣಿ ಸಾರಿಸಿದ, ಹೊಲಿಗೆ ಹಾಕಿದ, ಹಣೆಗೆ ಕುಂಕುಮ ಇಟ್ಟುಕೊಂಡ ಎಷ್ಟೋ ಕೈಗಳ ದುಡಿಮೆಯೂ ನೋವೂ ಆ ಹಗ್ಗದಲ್ಲಿವೆ. ಇಂಥ ಕೆಲಸಗಳೇ ಅವರನ್ನು 2009ರಲ್ಲಿ ವೆನಿಸ್ ಬಿನಾಲೆಯವರೆಗೂ ಒಯ್ದವು.

ಕಲಾವಿದೆ ಪುಷ್ಪಮಾಲಾ ಎನ್. ಅವರದು ಬೇರೆ ದಾರಿ, ಅದರಲ್ಲಿ ನಗು ಜಾಸ್ತಿ. 2000ದಿಂದ 2004ರ ನಡುವೆ ಫೋಟೋಗ್ರಾಫರ್ ಕ್ಲೇರ್ ಆರ್ನಿ ಜತೆ ಮಾಡಿದ ಸರಣಿಯಲ್ಲಿ ದಕ್ಷಿಣ ಭಾರತದ ಹೆಣ್ಣಿನ ಪ್ರಸಿದ್ಧ ಚಿತ್ರಗಳಿಗೆಲ್ಲ ತಾವೇ ವೇಷ ಹಾಕಿ ನಿಂತರು. ರವಿವರ್ಮರ ಲಕ್ಷ್ಮಿ ಅವರೇ. ಬ್ರಿಟಿಷರ ಕಾಲದಲ್ಲಿ ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಅಳತೆ ತೆಗೆಸಿಕೊಂಡ ಬುಡಕಟ್ಟು ಹೆಣ್ಣೂ ಅವರೇ. ನೋಡುತ್ತಾ ಹೋದರೆ ನಗು ಬರುತ್ತದೆ, ಆಮೇಲೆ ಒಂದು ಪ್ರಶ್ನೆ ಉಳಿಯುತ್ತದೆ: ಹೆಣ್ಣು ಹೀಗೆ ನಿಲ್ಲಬೇಕು ಎಂದು ಹೇಳಿಕೊಟ್ಟವರು ಯಾರು?

61.8 ಕೋಟಿ ಹೇಳುವುದೇನು, ಹೇಳದ್ದೇನು

'ಈಗ ಹೆಂಗಸರ ಚಿತ್ರಕ್ಕೂ ಕೋಟಿಗಟ್ಟಲೆ ಬೆಲೆ ಇದೆಯಲ್ಲ' ಎನ್ನುವವರು ಅಮೃತಾ ಶೇರ್‌ಗಿಲ್ ಹೆಸರು ಹೇಳುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಅವರ 1937ರ 'ದಿ ಸ್ಟೋರಿ ಟೆಲ್ಲರ್' 61.8 ಕೋಟಿ ರೂಪಾಯಿಗೆ ಹರಾಜಾಯಿತು. ಭಾರತೀಯ ಕಲಾಕೃತಿಗೆ ಆಗ ಅದೇ ದಾಖಲೆ. 2025ರಲ್ಲಿ ಎಂ.ಎಫ್. ಹುಸೇನರ ಚಿತ್ರವೊಂದು ಅದನ್ನು ಹಿಂದೆ ಹಾಕಿತು.

ಬೆಲೆಗೆ ಕಾರಣ ಪ್ರತಿಭೆ ಒಂದೇ ಅಲ್ಲ. ಅಮೃತಾ 1941ರಲ್ಲಿ, 28ನೇ ವಯಸ್ಸಿಗೇ ತೀರಿಕೊಂಡರು. ಬರೆದ ಚಿತ್ರಗಳೇ ಕಡಿಮೆ. ಅವುಗಳಲ್ಲೂ ಹೆಚ್ಚಿನವು ದಿಲ್ಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿವೆ. ಅವರ ಕೃತಿಗಳು ರಾಷ್ಟ್ರೀಯ ಕಲಾಸಂಪತ್ತು, ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಮಾರುಕಟ್ಟೆಗೆ ಬರುವುದೇ ಅಪರೂಪ, ಹಾಗಾಗಿ ಬಂದಾಗ ಬೆಲೆ ಏರುತ್ತದೆ. ಒಬ್ಬಳ ಚಿತ್ರಕ್ಕೆ ಕೋಟಿ ಬಂದ ಮಾತ್ರಕ್ಕೆ ಬರೆಯುವ ಉಳಿದ ಹೆಂಗಸರಿಗೆ ಬಣ್ಣದ ದುಡ್ಡೂ ಬರುವುದಿಲ್ಲ, ಅಲ್ವಾ?

ಗೋಡೆಯಿಂದ ಕಾಗದಕ್ಕೆ, ಹೆಂಗಸರಿಂದ ಹೆಸರಿಗೆ

ಕಾಸರಗೋಡಿಗೆ ಹೆಚ್ಚು ಉಪಯೋಗದ ಪಾಠ ಹರಾಜಿನಲ್ಲಿ ಇಲ್ಲ, ವರ್ಲಿ ಮತ್ತು ಮಿಥಿಲೆಯ ಕಥೆಯಲ್ಲಿದೆ.

ಮಹಾರಾಷ್ಟ್ರದ ವರ್ಲಿ ಬುಡಕಟ್ಟಿನ ಜನರಲ್ಲಿ ಮದುವೆ ಮನೆಯ ಗೋಡೆಗೆ ಅಕ್ಕಿಹಿಟ್ಟಿನಲ್ಲಿ ದೇವರ ಚೌಕ ಬರೆಯುವುದು ಮುತ್ತೈದೆಯರ ಕೆಲಸ. ಎಪ್ಪತ್ತರ ದಶಕದಲ್ಲಿ ಅದು ಗೋಡೆ ಬಿಟ್ಟು ಕಾಗದಕ್ಕೆ ಬಂತು. ಆಗ ದೇಶಕ್ಕೆಲ್ಲ ಗೊತ್ತಾದ ಹೆಸರು ಜಿವ್ಯಾ ಸೋಮಾ ಮಶೆ, ಗಂಡಸು. ದೊಡ್ಡ ಕಲಾವಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊರಗಿನಿಂದ ಬಂದವರ ಜತೆ ಮಾತಾಡುವುದು, ಪೇಟೆಗೆ ಹೋಗುವುದು, ಚಿತ್ರಕ್ಕೆ ಸಹಿ ಹಾಕುವುದು ಶುರುವಾದಾಗ ಹೆಂಗಸರು ಹಿಂದೆ ಉಳಿದರು.

ಬಿಹಾರದ ಮಿಥಿಲೆಯಲ್ಲಿ ಬೇರೆ ರೀತಿ ಆಯಿತು. ಅರುವತ್ತರ ದಶಕದ ಬರಗಾಲದಲ್ಲಿ ಕರಕುಶಲ ಮಂಡಳಿ ಅಲ್ಲಿನ ಹೆಂಗಸರ ಕೈಗೇ ನೇರ ಕಾಗದ ಕೊಟ್ಟಿತು. ಗೋಡೆಗೆ ಬರೆಯುತ್ತಿದ್ದದ್ದನ್ನು ಇದರಲ್ಲಿ ಬರೆಯಿರಿ, ದುಡ್ಡು ಕೊಡುತ್ತೇವೆ ಎಂದಿತು. ಜಗದಂಬಾ ದೇವಿ, ಸೀತಾ ದೇವಿ, ಗಂಗಾ ದೇವಿ ಎಂಬ ಹೆಸರುಗಳು ಉಳಿದವು, ಪದ್ಮಶ್ರೀ ಪಡೆದವು. ಎರಡೂ ಕಡೆ ಹೋಗಿ ಕೆಲಸ ಮಾಡಿದ್ದು ಒಬ್ಬರೇ ಕಲಾವಿದರು, ಭಾಸ್ಕರ ಕುಲಕರ್ಣಿ. ಮೊದಲ ಕಾಗದ ಯಾರ ಕೈಗೆ ಹೋಯಿತು, ಹೆಸರನ್ನು ಯಾರು ಬರೆದುಕೊಂಡರು ಎಂಬುದರಿಂದಲೇ ಇಷ್ಟು ವ್ಯತ್ಯಾಸ ಬಂತು.

ಇದನ್ನು ಇಲ್ಲಿಗೆ ತಂದು ನೋಡಿ. ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಆ ಮಾನ್ಯತೆ ಊರಿನ ಹೆಸರನ್ನು ಕಾಪಾಡುತ್ತದೆ. ಮಗ್ಗದಲ್ಲಿ ಕೂತವಳ ಹೆಸರನ್ನು ಕಾಪಾಡುವ ಕೆಲಸ ಅದರದ್ದಲ್ಲ. ಮಂಜೇಶ್ವರ ಕಡೆ ಕೊರಗರ ಕೈಯಲ್ಲಿ ಕಾಡಿನ ಬಳ್ಳಿ ಬುಟ್ಟಿಯಾಗುತ್ತದೆ. ಪೇಟೆಯಲ್ಲಿ ಅದರ ಬೆಲೆ ಕೇಳುತ್ತೇವೆ, ಹೆಣೆದವಳ ಹೆಸರು ಕೇಳುವುದಿಲ್ಲ.

ಮುಂದೆ ಏನಾಗಬಹುದು

ಎರ್ನಾಕುಳಂ ಘಟನೆಯ ಮೊದಲ ಪರಿಣಾಮ ಕಣ್ಣಿಗೆ ಕಾಣದ್ದು. ಮುಂದಿನ ಸಲ ಆಯ್ಕೆ ಮಾಡುವವರು ಇಂಥ ಕೃತಿ ಬಂದಾಗ 'ಯಾಕೆ ಬೇಕು ರಗಳೆ' ಎಂದು ಬದಿಗಿಡುತ್ತಾರೆ. ಯಾರೂ ನಿಷೇಧ ಹೇರಬೇಕಾಗಿಲ್ಲ. ಇದರ ಪೆಟ್ಟು ಜಾಸ್ತಿ ಬೀಳುವುದು ವಿದೇಶದ ಕಲಾವಿದೆಗೆ ಅಲ್ಲ, ಆಕೆಗೆ ಬೇರೆ ಗ್ಯಾಲರಿಗಳಿವೆ. ಕಾಲೇಜು ಮುಗಿಸಿ ಮೊದಲ ಪ್ರದರ್ಶನಕ್ಕೆ ಅರ್ಜಿ ಹಾಕುವ ಊರಿನ ಹುಡುಗಿಗೆ ಬೀಳುತ್ತದೆ. ಹೂವು, ಹೊಳೆ, ದೋಣಿ ಬರೆದರೆ ಸಲೀಸು ಎಂದು ಅವಳೇ ತೀರ್ಮಾನಿಸಿಬಿಡುತ್ತಾಳೆ.

ಎರಡನೆಯದು ಗಡಿನಾಡಿನ ಕನ್ನಡಿಗರದೇ ಸಮಸ್ಯೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನಂತರ ಇಲ್ಲಿನ ಕನ್ನಡದ ಹೋರಾಟ ಶಾಲೆ, ಕಚೇರಿ, ಬೋರ್ಡು, ಸಾಹಿತ್ಯ, ಯಕ್ಷಗಾನದ ಸುತ್ತ ಕಟ್ಟಿಕೊಂಡಿತು. ಅದಕ್ಕೆ ಕಾರಣವೂ ಇತ್ತು, ಭಾಷೆ ಉಳಿಯದೆ ಉಳಿದದ್ದು ಉಳಿಯುವುದಿಲ್ಲ ಎಂಬ ಭಯ. ಆದರೆ ಚಿತ್ರ ಬರೆಯುವವರು ಅದರಲ್ಲಿ ಎಲ್ಲೂ ಬರಲಿಲ್ಲ. ಕೇರಳದ ಕಲಾಪಟ್ಟಿ ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ ತಯಾರಾಗುತ್ತದೆ. ಕರ್ನಾಟಕದ ಪಟ್ಟಿ ಗಡಿಯ ತಲಪಾಡಿಯ ಆಚೆಗೇ ನಿಲ್ಲುತ್ತದೆ. ನಡುವೆ ಬಿದ್ದವರಲ್ಲೂ ಮೊದಲು ಕಾಣೆಯಾಗುವುದು ಹೆಂಗಸರ ಹೆಸರು.

ಲಲಿತಕಲಾ ಅಕಾಡೆಮಿಗೆ ಕಾಞಂಗಾಡಿನಲ್ಲಿ ಒಂದು ಆರ್ಟ್ ಗ್ಯಾಲರಿ ಇದೆ. ಅಲ್ಲಿನ ಪ್ರದರ್ಶನಗಳಿಗೆ ಕನ್ನಡದಲ್ಲೂ ವಿವರಣೆಯ ಫಲಕ ಹಾಕಿ ಎಂದು ಕೇಳುವುದು ದೊಡ್ಡ ಬೇಡಿಕೆ ಏನಲ್ಲ. ಅಂಗಡಿ ಬೋರ್ಡಿಗೆ ಕೇಳುವವರು ಇದಕ್ಕೂ ಕೇಳಬಹುದು. ಕರ್ನಾಟಕದ ಗಡಿ ಅಭಿವೃದ್ಧಿ ಪ್ರಾಧಿಕಾರದ ದುಡ್ಡಿನಲ್ಲಿ ನಡೆಯುವ ಕಾರ್ಯಕ್ರಮಗಳಲ್ಲಿ ಕವಿಗೋಷ್ಠಿಯ ಪಕ್ಕ ಒಂದು ಚಿತ್ರಪ್ರದರ್ಶನಕ್ಕೂ ಜಾಗ ಮಾಡಬಹುದು. ಬುಟ್ಟಿ, ಸೀರೆ ಮಾರುವ ಸ್ಟಾಲಿನಲ್ಲಿ ಬೆಲೆಚೀಟಿಯ ಮೇಲೆ ಹೆಣೆದವಳ, ನೇಯ್ದವಳ ಹೆಸರು ಬರೆಯಲು ಯಾವ ಅನುದಾನವೂ ಬೇಡ, ಒಂದು ಪೆನ್ನು ಸಾಕು.